ಅಟ್ಟದಲ್ಲಿ ಸಿಕ್ಕ ಪ್ಲಾಸ್ಟರ್ ಮೂರ್ತಿ, ಬಣ್ಣ ಹೊಡೆಸಲಾ?

ಮಾಳಮಡ್ಡಿ ಸೊಸೆ:
ಧಾರವಾಡದ ನಮ್ಮ ಹಳೇ ಮನೆ ಅಟ್ಟದಲ್ಲಿ ಬಿಳಿ ಹೆಣ್ಣಿನ ಮೂರ್ತಿ ಸಿಕ್ಕಿದೆ. ಎದೆವರೆಗೆ ಮಾತ್ರ. ತಲೆ ಬಗ್ಗಿಸಿದ್ದಾಳೆ, ಭುಜದಿಂದ ಬಟ್ಟೆ ಜಾರಿದೆ, ಕೆಳಗೆ ಸುತ್ತಲೂ ಎಸಳು. ಕಮಲದ ಲಕ್ಷ್ಮಿ ಅಂತ ನಮ್ಮತ್ತೆ ಕುಂಕುಮ ಹಚ್ಚೋಕೆ ಹೊರಟಿದ್ದರು, ತಡೆದೆ. ಮಾವನವರ ತಂದೆ ಮುಂಬೈನಲ್ಲಿ ಚಿತ್ರಕಲೆ ಕಲಿತವರು, ಅವರದ್ದೇ ಇರಬೇಕು. ಮೂಗಿನ ತುದಿ ಮುಕ್ಕಾಗಿದೆ, ಮೈಯೆಲ್ಲಾ ಮಸಿ. ತೊಳೆದು ಆಯಿಲ್ ಪೇಂಟ್ ಹೊಡೀತೀನಿ ಅಂತಾನೆ ಪೇಂಟರ್. ಹೊಡೆಸಲಾ?

ಗದಗ ಡ್ರಾಯಿಂಗ್ ಮಾಸ್ತರ:
ಅಕ್ಕಾರ, ಪೇಂಟರ್‌ಗೆ ಚಹಾ ಕೊಟ್ಟು ಕಳಿಸಿಬಿಡಿ. ನೀವು ಹೇಳಿದ್ದು ನೋಡಿದರೆ ಅದು ಕ್ಲೈಟಿ. ಗ್ರೀಕರ ಕಥೆಯಲ್ಲಿ ಸೂರ್ಯನಿಗೆ ಮನಸೋತು, ದಿನಾ ಅವನನ್ನೇ ನೋಡುತ್ತಾ ಕೂತು ಹೂವಾದವಳು, ಅದಕ್ಕೇ ಆ ಎಸಳು. ಅಮೃತಶಿಲೆಯ ಮೂಲ ಬ್ರಿಟಿಷ್ ಮ್ಯೂಸಿಯಂನಲ್ಲಿದೆ, ಟೌನ್ಲಿ ಅನ್ನುವವರು 1772ರಲ್ಲಿ ನೇಪಲ್ಸ್‌ನಲ್ಲಿ ಕೊಂಡಿದ್ದು. ನಿಮ್ಮದು ಅದರ ಅಚ್ಚಿನಿಂದ ತೆಗೆದ ಪ್ಲಾಸ್ಟರ್ ನಕಲು. 1857ರಲ್ಲಿ ಶುರುವಾದ ಮುಂಬೈ ಜೆ.ಜೆ. ಕಲಾಶಾಲೆಯಲ್ಲಿ ಇಂಥ ಪ್ಲಾಸ್ಟರ್ ತಲೆಗಳನ್ನೇ ಮುಂದಿಟ್ಟು ನೆರಳು ಬೆಳಕು ಕಲಿಸುತ್ತಿದ್ದರು. ಆಗ ಧಾರವಾಡವೂ ಮುಂಬೈ ಪ್ರಾಂತ್ಯದಲ್ಲೇ ಇತ್ತಲ್ವಾ.

ನೀರಂತೂ ಬೇಡವೇ ಬೇಡ. ಪ್ಲಾಸ್ಟರ್ ಅಂದರೆ ಜಿಪ್ಸಂ, ನೀರಲ್ಲಿ ಸ್ವಲ್ಪ ಸ್ವಲ್ಪ ಕರಗುತ್ತೆ, ಮಸಿನೂ ಒಳಗಿಳಿಯುತ್ತೆ. ಮೆತ್ತನೆ ಒಣ ಬ್ರಷ್‌ನಿಂದ ಮೇಲಿಂದ ಕೆಳಗೆ ಧೂಳು ಇಳಿಸಿ, ಸಾಕು. ಪೇಂಟ್ ಹೊಡೆದರೆ ಕಣ್ಣಿನ ರೆಪ್ಪೆ, ಕೂದಲಿನ ಗೆರೆ ಎಲ್ಲಾ ತುಂಬಿಹೋಗಿ ಮುಖ ಮೊಟ್ಟೆ ಥರ ಆಗುತ್ತೆ.

ಹುಬ್ಬಳ್ಳಿ ಪಿಒಪಿ:
ಮಾಸ್ತರು ಹೇಳಿದ್ದು ಸರಿ, ಆದ್ರೆ ಹಳೇದು ಅಂತ ಇಷ್ಟು ಬೇಗ ಒಪ್ಪಬೇಡಿ. ಇಂಥವು ಈಗಲೂ ರಬ್ಬರ್ ಅಚ್ಚಿನಲ್ಲಿ ತಯಾರಾಗ್ತವೆ, ಮಸಿ ಹಿಡಿಸೋದೇನು ದೊಡ್ಡ ವಿಷಯ. ಒಳಗೆ ನೋಡೋಕೆ ಇಬ್ಬರು ಸೇರಿ ದಪ್ಪ ಚಾದರದ ಮೇಲೆ ಮಲಗಿಸಿ, ತಲೆ ಹಿಡಿದು ಎತ್ತಬೇಡಿ, ಕುತ್ತಿಗೆ ಮುರಿಯುತ್ತೆ. ಒಳಗೆ ಟೊಳ್ಳಿದ್ದು ಗೋಣಿ ನಾರು, ಕಟ್ಟಿಗೆ ಪಟ್ಟಿ ಕಾಣಿಸಿದರೆ ಹಳೇ ಕೈಕೆಲಸ ಇರಬಹುದು. ಹೊರಗೆ ದಾರದ ಹಾಗೆ ಉಬ್ಬಿದ ಗೆರೆಗಳಿವೆಯಾ? ಹಿಂದೆ ತುಂಡು ತುಂಡು ಅಚ್ಚು ಜೋಡಿಸಿ ಸುರಿಯುತ್ತಿದ್ದರು, ಆ ಸಂದಿನ ಗುರುತು ಅದು. ಬೆನ್ನ ಮೇಲೆ ಬ್ರುಚಿಯಾನಿ ಅಂತ ಇಂಗ್ಲಿಷ್‌ನಲ್ಲಿ ಹೆಸರಿನ ಪಟ್ಟಿ ಇದ್ದರೆ ಹೇಳಿ, ಹಿಂದೆ ಲಂಡನ್‌ನಲ್ಲಿ ಇಂಥ ಪ್ಲಾಸ್ಟರ್ ನಕಲು ಮಾಡುತ್ತಿದ್ದ ದೊಡ್ಡ ಹೆಸರು ಅದು.

ಮಾಳಮಡ್ಡಿ ಸೊಸೆ:
ಹೆಸರಿನ ಪಟ್ಟಿ ಇಲ್ಲ. ಗೋಣಿ ನಾರು ಇದೆ! ಕಿವಿ ಹಿಂದಿನಿಂದ ಭುಜದವರೆಗೆ ಉಬ್ಬು ಗೆರೆನೂ ಇದೆ, ಅದನ್ನ ಮರಳು ಕಾಗದದಲ್ಲಿ ಉಜ್ಜಿ ತೆಗೀಲಾ? ಮೂಗು ಏನು ಮಾಡಲಿ?

ಹುಬ್ಬಳ್ಳಿ ಪಿಒಪಿ:
ಅಯ್ಯೋ ಉಜ್ಜಬೇಡ್ರೀ! ಅದೇ ಅದರ ಜಾತಕ. ಮೂಗೂ ಹಾಗೇ ಇರಲಿ.

ಗದಗ ಡ್ರಾಯಿಂಗ್ ಮಾಸ್ತರ:
ಮಳೆಗಾಲದಲ್ಲಿ ತೇವದ ಗೋಡೆಗೆ ಒರಗಿಸಬೇಡಿ, ಒಳಗೆ ಕಬ್ಬಿಣದ ಸರಳಿದ್ದರೆ ತುಕ್ಕು ಹೊರಗೆ ಬರುತ್ತೆ. ಫೋಟೋ ಹಾಕ್ರೀ, ಹುಡುಗರಿಗೆ ತೋರಿಸ್ತೀನಿ.