ಏಲಿಯನ್: ಐಸೊಲೇಶನ್ ತಗೊಳ್ಳಲಾ, ಬೇಡ್ವಾ? ಆಡಿದವರು ಅನುಭವ ಹೇಳಿ

ರಾತ್ರಿಪಾಳಿ ಅಪ್ಪ:
ರೆಸಿಡೆಂಟ್ ಈವಿಲ್ 2 ರಿಮೇಕ್ ಅನ್ನೋ ಹಾರರ್ ಗೇಮ್ ಮುಗಿಸಿದೆ, ಸಖತ್ ಇಷ್ಟವಾಯಿತು. ಈಗ ಏಲಿಯನ್: ಐಸೊಲೇಶನ್ ಸೇಲ್‌ನಲ್ಲಿದೆ, ಬಾಹ್ಯಾಕಾಶ ನಿಲ್ದಾಣದಲ್ಲಿ ಏಲಿಯನ್‌ನಿಂದ ಬಚ್ಚಿಟ್ಟುಕೊಂಡು ಆಡುವ ಹಾರರ್ ಗೇಮ್. ಮಗು ಮಲಗಿದ ಮೇಲೆ ದಿನಕ್ಕೆ ಮುಕ್ಕಾಲು ಗಂಟೆ ಸಿಗುತ್ತದೆ, ಅಷ್ಟೇ. ಅದೂ ಯಾವಾಗ ಬೇಕಾದರೂ ಏಳಬಹುದು. ಲ್ಯಾಪ್‌ಟಾಪ್ ಹಳೆಯದು. ತಗೊಳ್ಳಲಾ? ಯಾವ ಮೋಡ್‌ನಲ್ಲಿ ಶುರು ಮಾಡಲಿ?

ಮೂರು ದೀಪ:
ನನ್ನ ಕಥೆ ಕೇಳಿ, ಆಮೇಲೆ ದುಡ್ಡು ಹಾಕಿ.

ಮಿಷನ್ 5, ಆಸ್ಪತ್ರೆ. ಅಲ್ಲಿ 11 ಸಲ ಸತ್ತಿದ್ದೇನೆ. ಬಾಯಿಮಾತಿಗೆ ಹೇಳುತ್ತಿಲ್ಲ, ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ಗೀಟು ಹಾಕಿದ್ದೆ. ಹನ್ನೊಂದನೇದು ಮರೆಯಲ್ಲ. ಮಂಚದ ಕೆಳಗೆ, ಬೀರುವಿನೊಳಗೆ, ಮತ್ತೆ ಮಂಚದ ಕೆಳಗೆ ಅಂತ ನಲವತ್ತು ನಿಮಿಷ ತೆವಳಿ ಹೇಗೋ ಔಷಧಿ ಕಿಟ್ ಹಿಡಿದುಕೊಂಡು ವಾಪಸ್ ಬಂದೆ. ಗೋಡೆಯಲ್ಲಿ ಸೇವ್ ಫೋನ್, ಅಲ್ಲಿ ಮಾತ್ರ ಆಟ ಸೇವ್ ಮಾಡಬಹುದು. ಕಾರ್ಡ್ ತುರುಕಿದೆ. ಒಂದು ದೀಪ ಹತ್ತಿತು. ಎರಡನೆಯದೂ ಹತ್ತಿತು. ಮೂರನೆಯದು ಹತ್ತುವ ಮೊದಲೇ ಎದೆಯಿಂದ ಬಾಲ ಹೊರಗೆ ಬಂತು. ನಲವತ್ತು ನಿಮಿಷ ನೀರಿಗೆ ಹೋಯಿತು.

ಇನ್ನೊಂದು ದಿನ ಕರೆಂಟ್ ಹೋಯಿತು. ಲ್ಯಾಪ್‌ಟಾಪ್ ಬ್ಯಾಟರಿ ಹತ್ತು ಸೆಕೆಂಡಿಗೇ ಕೈಕೊಟ್ಟಿತು, ಮತ್ತೆ ಅರ್ಧ ಗಂಟೆಯ ಆಟ ಹೋಯಿತು. ಸಿಟ್ಟಿಗೆ 2,300 ರೂಪಾಯಿ ಕೊಟ್ಟು ಹೊಸ ಬ್ಯಾಟರಿ ಹಾಕಿಸಿದೆ. ಎರಡು ತಿಂಗಳಿಗೆ ಅದು ಪೂರಿ ತರಹ ಉಬ್ಬಿತು. ಅಂಗಡಿಯವನು ‘ನೀವು ಜಾಸ್ತಿ ಗೇಮ್ ಆಡ್ತೀರಾ’ ಅಂತ ನನಗೇ ಬೈದ. ಬ್ಯಾಟರಿಗೆ ಸುರಿದ ದುಡ್ಡಿನಲ್ಲಿ ಈ ಆಟವನ್ನು ಮೂರು ಸಲ ಕೊಳ್ಳಬಹುದಿತ್ತು.

ಹಾರ್ಡ್ ಮಾತ್ರ:
ಮೂರು ದೀಪ ಅವರೇ, ಶತ್ರು ಹತ್ತಿರ ಇದ್ದರೆ ಆ ಫೋನೇ ಎಚ್ಚರಿಕೆ ಕೊಡುತ್ತದೆ. ನೀವು ಓದಲಿಲ್ಲ, ಸತ್ತಿರಿ. ಆಟದ್ದೇನು ತಪ್ಪು?

ನಾನು ಹಾರ್ಡ್‌ನಲ್ಲಿ 27 ಗಂಟೆ ಆಡಿ ಮುಗಿಸಿದೆ. ಆಮೇಲೆ ನೈಟ್‌ಮೇರ್ ಮೋಡ್. ಅದರಲ್ಲಿ ಸುತ್ತಲಿನ ಚಲನೆ ತೋರಿಸುವ ಟ್ರ್ಯಾಕರ್ ಕೆಟ್ಟಿರುತ್ತದೆ, ಸಾಮಾನು ಸಿಗುವುದೇ ಕಷ್ಟ. ಅದನ್ನೂ ಮುಗಿಸಿದೆ. ಆ ಪ್ರಾಣಿಗೆ ಎರಡು ಮೆದುಳು ಅಂತ ತಿಳಿದುಕೊಳ್ಳಿ. ಮೇಲೆ ಕುಳಿತ ನಿರ್ದೇಶಕ, ಅಂದರೆ ಆಟ ನಡೆಸುವ ಪ್ರೋಗ್ರಾಂ, ಅವನಿಗೆ ನೀವೆಲ್ಲಿದ್ದೀರಿ ಅಂತ ಯಾವಾಗಲೂ ಗೊತ್ತು. ಕೆಳಗಿನ ಏಲಿಯನ್‌ಗೆ ಗೊತ್ತಿಲ್ಲ, ಅದು ಕಣ್ಣು ಕಿವಿ ನಂಬಿಕೊಂಡೇ ಹುಡುಕಬೇಕು. ‘ಆ ಕಡೆ ನೋಡು’ ಅಂತ ಒಂದು ಸುಳಿವಷ್ಟೇ ಮೇಲಿಂದ ಬರುತ್ತದೆ. ಒತ್ತಡ ಜಾಸ್ತಿ ಆದಾಗ ಅದನ್ನು ವಾಪಸ್ ಕೊಳವೆಗೆ ಕರೆಸಿಕೊಳ್ಳುತ್ತಾನೆ. ಇದು ಗೊತ್ತಾದ ಮೇಲೆ ನಾನು ಬೀರುವಿನೊಳಗೆ ಕೂರುವುದನ್ನೇ ಬಿಟ್ಟೆ. ಬೀರು ಸೇರುವವರು ಬೀರುವಿನಲ್ಲೇ ಸಾಯುತ್ತಾರೆ. ಚಾವಣಿಯ ತೂತಿಂದ ಜೊಲ್ಲು ಸುರಿಯುತ್ತಿದ್ದರೆ ಅದರ ಕೆಳಗೆ ಹೋಗಬಾರದು, ಇಷ್ಟೂ ಕಲಿಯದವರು ರೆಸಿಡೆಂಟ್ ಈವಿಲ್‌ನಲ್ಲೇ ಇರಲಿ. ಅಲ್ಲಿ ಸೇವ್ ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡರೆ ಬೆನ್ನಟ್ಟುವ ದೈತ್ಯ ಮಿಸ್ಟರ್ ಎಕ್ಸ್ ಪಾಪ ಹೊರಗೇ ಇರುತ್ತಾನೆ.

ಮೂರು ದೀಪ:
ಎಚ್ಚರಿಕೆ ಓದಿದ್ದೆ. ‘ಹತ್ತಿರ’ ಅಂದರೆ ಪಕ್ಕದ ಕೋಣೆಯೋ ಬೆನ್ನ ಹಿಂದೆಯೋ ಅಂತ ಅದು ಹೇಳುತ್ತದಾ ಸ್ವಾಮಿ? ನಿಮ್ಮ 27 ಗಂಟೆ ನೀವೇ ಇಟ್ಟುಕೊಳ್ಳಿ.

ಸೀನಿದರೆ ಸತ್ತೆ:
ಲ್ಯಾಪ್‌ಟಾಪ್ ವಿಷಯ ನನಗೆ ಗೊತ್ತಿಲ್ಲ, ನಾನು ಪಿಎಸ್ 4ರಲ್ಲಿ ಆಡಿದವನು. ಅದರಲ್ಲಿ ಕ್ಯಾಮೆರಾ ಇದ್ದರೆ ಒಂದು ಆಯ್ಕೆ ಇದೆ. ನಿಮ್ಮ ಕೋಣೆಯ ಸದ್ದು ಆಟದೊಳಗೆ ಏಲಿಯನ್‌ಗೆ ಕೇಳಿಸುತ್ತದೆ! ಶೋಕಿಗೆ ಆನ್ ಮಾಡಿದೆ. ಫ್ಯಾನ್ ಆಫ್. ಏಪ್ರಿಲ್ ತಿಂಗಳು, ಬಳ್ಳಾರಿ. ಬನಿಯನ್ ಹಿಂಡಿದರೆ ಒಂದು ಲೋಟ ನೀರು. ಮೇಜಿನ ಕೆಳಗೆ ಉಸಿರು ಬಿಗಿಹಿಡಿದು ಕೂತಿದ್ದೇನೆ, ಏಲಿಯನ್ ಕಾಲು ನನ್ನ ಮುಂದೆ ಧಡ್ ಧಡ್ ಅಂತ ಹೋಗುತ್ತಿದೆ. ಪಡಸಾಲೆಯಲ್ಲಿ ಅಪ್ಪ ಸೀನಿದರು. ನಮ್ಮಪ್ಪ ಸೀನಿದರೆ ಓಣಿಯ ಕೊನೆಯಲ್ಲಿ ನಾಯಿ ಬೊಗಳುತ್ತದೆ. ಆ ಕಾಲು ನಿಂತಿತು. ತಿರುಗಿತು. ನಾನು ಕಿರುಚಿದ ಸದ್ದಿಗೆ ಅಪ್ಪ ಓಡಿಬಂದರು. ‘ಯಾಕೋ, ಚೇಳು ಕಡೀತಾ?’

ಆ ಕ್ಯಾಮೆರಾ ಸೆಕೆಂಡ್ ಹ್ಯಾಂಡ್ ತಂದದ್ದು, ಬರೀ ಇದಕ್ಕೋಸ್ಕರ. ಈಗ ಡಬ್ಬಿಯಲ್ಲಿದೆ. ಯಾರಿಗಾದರೂ ಬೇಕಾ?

ಸಾಕು ಮುಗಿಸಪ್ಪ:
ಎಲ್ಲರೂ ಏಲಿಯನ್ ಏಲಿಯನ್ ಅಂತೀರಿ. ಈ ಆಟದ ನಿಜವಾದ ರೋಗ ಉದ್ದ. 18 ಮಿಷನ್! ಹತ್ತನೆಯದರಲ್ಲೇ ಭರ್ಜರಿಯಾಗಿ ಮುಗಿಸಬಹುದಿತ್ತು. ಪ್ರಾಣಿಯನ್ನು ಬಲೆಗೆ ಹಾಕಿ ನಿಲ್ದಾಣದಿಂದ ಹೊರಗೆ ದಬ್ಬುತ್ತಾರೆ. ನಾನು ಎದ್ದು ಕಾಫಿ ಮಾಡಿಕೊಂಡು ಬಂದೆ, ಆಟ ಮುಗಿದು ಇನ್ನು ಮಾಡಿದವರ ಹೆಸರುಗಳು ಬರುತ್ತವೆ ಅಂತ. ಎಲ್ಲಿ ಬಂತು? ಆಮೇಲೆ ಆ ಪ್ಲಾಸ್ಟಿಕ್ ಮುಖದ ರೋಬೋಗಳು, ವರ್ಕಿಂಗ್ ಜೋಗಳ ಹಿಂದೆ ಗಂಟೆಗಟ್ಟಲೆ. ಓಡುವುದಿಲ್ಲ, ಕೂಗುವುದಿಲ್ಲ, ಬ್ಯಾಂಕ್ ಕೌಂಟರಿನವರ ಹಾಗೆ ಸಮಾಧಾನವಾಗಿ ಮಾತಾಡುತ್ತಾ ಬಂದು ಕುತ್ತಿಗೆ ಹಿಸುಕುತ್ತವೆ. ಮೊದಲ ಸಲ ಭಯ. ಮೂವತ್ತನೇ ಸಲ ಬೇಜಾರು. ಹೋಗಲಿ ಅಂದರೆ ರಬ್ಬರ್ ಉಡುಪು ಹಾಕಿದವು ಬರುತ್ತವೆ, ಅವಕ್ಕೆ ಕರೆಂಟ್ ಶಾಕ್ ಕೂಡ ತಾಗಲ್ಲ. ಅಷ್ಟು ಹೊತ್ತಿಗೆ ಜನರೇಟರ್ ಆನ್ ಮಾಡು, ಲಿವರ್ ಎಳಿ, ಇನ್ನೊಂದು ಬಾಗಿಲಿಗೆ ಹೋಗು. ಮೆಸ್ಕಾಂ ಲೈನ್‌ಮನ್ ಕೂಡ ಇಷ್ಟು ಓಡಾಡಲ್ಲ.

ಒಂದು ದೊಡ್ಡ ಗೇಮ್ ವಿಮರ್ಶೆ ತಾಣ ಇದಕ್ಕೆ 10ಕ್ಕೆ 5.9 ಕೊಟ್ಟಾಗ ಎಲ್ಲರೂ ಉಗಿದರು. ಉದ್ದದ ವಿಷಯದಲ್ಲಿ ಅವರು ಹೇಳಿದ್ದು ಸರಿ.

ಹಾರ್ಡ್ ಮಾತ್ರ:
5.9 ಅನ್ನು ಎತ್ತಿ ಆಡುವವರ ಜೊತೆ ನನಗೆ ಮಾತೇ ಬೇಡ. ಮತ್ತೆ, ಹತ್ತನೇ ಮಿಷನ್ ಕಥೆ ಹೀಗೆ ಬಿಚ್ಚಿಟ್ಟಿರಲ್ಲ, ಕೇಳಿದವರು ಇನ್ನೂ ಆಡಿಲ್ಲ, ನೆನಪಿದೆಯಾ?

ಸಾಕು ಮುಗಿಸಪ್ಪ:
2014ರ ಆಟ ರೀ. ಎಷ್ಟು ವರ್ಷ ಗುಟ್ಟು ಕಾಯಬೇಕು?

ಹಳೇ ಟಿವಿ:
ಜಗಳ ಆಡಿ, ಆದರೆ ಆ ಜಾಗ ಕಟ್ಟಿದ ರೀತಿ ಬಗ್ಗೆ ಯಾರೂ ಹೇಳುತ್ತಿಲ್ಲ. ನಾನು ಟಿವಿ ರಿಪೇರಿ ಮಾಡುತ್ತಿದ್ದವನು. ಆಟ ನಡೆಯುವ ನಿಲ್ದಾಣ ಸೆವಾಸ್ಟೊಪೋಲ್‌ನ ಒಂದು ಕಂಪ್ಯೂಟರ್ ಮುಂದೆ ಹತ್ತು ನಿಮಿಷ ನಿಂತೇ ಇದ್ದೆ. ಪರದೆ ಅಲುಗಾಡುವುದು, ಅಂಚಿನಲ್ಲಿ ಚಿತ್ರ ಸೊಟ್ಟಗಾಗುವುದು, ಎಲ್ಲ ಅಸಲಿ. ಕೊನೆಗೆ ಗೊತ್ತಾಯಿತು, ಆ ಚಿತ್ರಗಳನ್ನು ನಿಜವಾಗಿಯೂ ವಿಎಚ್‌ಎಸ್ ಟೇಪಿಗೆ ಇಳಿಸಿ, ಹಳೇ ಟಿವಿಯಲ್ಲಿ ಹಾಕಿ, ಅಯಸ್ಕಾಂತ ಹಿಡಿದು ಕೆಡಿಸಿ ಮತ್ತೆ ಚಿತ್ರೀಕರಿಸಿದ್ದಾರೆ. 1979ರ ‘ಏಲಿಯನ್’ ಸಿನಿಮಾದ ಕಾಲದವರು ಊಹಿಸಿದ ಭವಿಷ್ಯ ಹೇಗಿತ್ತೋ ಹಾಗೇ ಇದೆ, ದಪ್ಪ ಗುಂಡಿ, ದಪ್ಪ ಗಾಜು. ಆ ಹತ್ತು ನಿಮಿಷದಲ್ಲಿ ಏಲಿಯನ್ ಬಂದು ನನ್ನನ್ನು ತಿಂದಿತು. ಸೇವ್ ಮಾಡಿರಲಿಲ್ಲ. ಬೇಜಾರಿಲ್ಲ.

ಬಸ್ ಸೀಟು 32:
ಹಳೇ ಲ್ಯಾಪ್‌ಟಾಪ್ ಯಾಕೆ? 2021ರಿಂದ ಫೋನ್‌ನಲ್ಲೇ ಇದೆ. ಹುಬ್ಬಳ್ಳಿ–ಬೆಂಗಳೂರು ರಾತ್ರಿ ಬಸ್ಸಿನಲ್ಲಿ ನಾನು ಅರ್ಧ ಆಟ ಮುಗಿಸಿದೆ. ಒಂದೇ ತೊಂದರೆ. ದಾವಣಗೆರೆ ಹತ್ತಿರ ಹೆದರಿ ಕೈ ಎತ್ತಿದಾಗ ಪಕ್ಕದವರ ನೀರಿನ ಬಾಟಲಿ ಬಿದ್ದು ಅವರ ಬ್ಯಾಗೆಲ್ಲ ಒದ್ದೆ. ಬೆಂಗಳೂರು ಬರುವ ತನಕ ಬೈದರು.

ಹಾರ್ಡ್ ಮಾತ್ರ:
ಬಸ್ಸಿನಲ್ಲಿ, ಆರಿಂಚಿನ ಪರದೆಯಲ್ಲಿ, ಹಾರರ್. ಶಿವ ಶಿವ.

ಬಸ್ ಸೀಟು 32:
ನಿಮಗೆ ಮನೆಯಲ್ಲಿ ಪ್ರತ್ಯೇಕ ಕೋಣೆ ಇದೆ, ಪುಣ್ಯ ಮಾಡಿದ್ದೀರಿ. ಎಲ್ಲರಿಗೂ ಇರಲ್ಲ.

ಕಾಗುಣಿತ:
ಅದು ‘ಏಲಿಯನ್’ ಅಲ್ಲ, ‘ಏಲಿಯೆನ್’.

ಮೂರು ದೀಪ:
ಅದು ಏನೇ ಆಗಿರಲಿ, ನನ್ನನ್ನು 11 ಸಲ ತಿಂದಿದೆ.

ರಾತ್ರಿಪಾಳಿ ಅಪ್ಪ:
ಕ್ಷಮಿಸಿ, ಮಗು ಎದ್ದಿತ್ತು, ಈಗ ಬಂದೆ. ಎಲ್ಲ ಓದಿದೆ. ಕಥೆ ಅರ್ಧ ಗೊತ್ತಾಯಿತು, ಪರವಾಗಿಲ್ಲ. ಒಂದೇ ಪ್ರಶ್ನೆ. ಮಗು ಅತ್ತ ತಕ್ಷಣ ಪಾಜ್ ಒತ್ತಿ ಎದ್ದು ಹೋಗಬಹುದಾ? ಹೋದರೆ ಆಟ ನಿಂತಿರುತ್ತದಾ?

ಸೀನಿದರೆ ಸತ್ತೆ:
ಪಾಜ್ ಒತ್ತಿದರೆ ನಿಲ್ಲುತ್ತದೆ. ಆದರೆ ನಕ್ಷೆ ನೋಡುವಾಗ, ಬಾಂಬು ಕಟ್ಟುವಾಗ ನಿಲ್ಲಲ್ಲ. ನಾನು ಬಾಂಬು ಕಟ್ಟುತ್ತಾ ಅಮ್ಮನಿಗೆ ‘ಬಂದೆ, ಎರಡೇ ದೋಸೆ ಸಾಕು’ ಅಂದೆ. ದೋಸೆಯೂ ತಣ್ಣಗಾಯಿತು, ನಾನೂ.