ಗಾಯ ‘ಒಣಗುವುದೋ’, ‘ಮಾಯುವುದೋ’?

ಮಾನ್ಯರೇ,

ಕೊಬ್ಬಿನಿಂದ ಪಡೆದ ಆಕರಕೋಶಗಳು (ಸ್ಟೆಮ್ ಸೆಲ್, ಅಂದರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲಕೋಶಗಳು) ಚರ್ಮದ ಗಾಯಕ್ಕೆ ಹೇಗೆ ನೆರವಾಗಬಹುದೆಂಬ ಮಲಯಾಳಂ ಬರಹವೊಂದನ್ನು ಬದಿಯಡ್ಕದ ಕಡೆಯ ಕನ್ನಡ ಓದುಗರಿಗಾಗಿ ಅನುವಾದಿಸುತ್ತಿದ್ದೇನೆ. (ಮಲಯಾಳದ ‘ವಿತ್ತುಕೋಶ’ ಚೆನ್ನಾಗಿದೆ, ನಮ್ಮ ‘ಕಾಂಡಕೋಶ’ ಬಾಳೆದಿಂಡನ್ನು ನೆನಪಿಸುವುದರಿಂದ ಅದನ್ನು ಬಿಟ್ಟೆ.) ಮೂಲದ ‘ಮುರಿವ್ ಉಣಙ್ಙುಕ’ ಎಂಬುದನ್ನು ಕಾಸರಗೋಡಿನಲ್ಲಿ ನಾವೆಲ್ಲ ಆಡುವಂತೆ ‘ಗಾಯ ಒಣಗುವುದು’ ಎಂದೇ ಬರೆದಿದ್ದೆ. ಸಕ್ಕರೆ ಕಾಯಿಲೆಯಿಂದಾಗಿ ಹಿಮ್ಮಡಿಯಲ್ಲಿ ಹುಣ್ಣಾಗಿರುವ ನನ್ನ ದೊಡ್ಡಮ್ಮ ಕರಡನ್ನು ಓದಿದವರು ಮರುದಿನ ಬೆಳಗ್ಗೆ ಪಟ್ಟಿ ಬಿಚ್ಚಿ, ಜಗಲಿಯ ಎಳೆಬಿಸಿಲಿಗೆ ಕಾಲು ಚಾಚಿ ಕುಳಿತಿದ್ದರು. ಕೇಳಿದರೆ, “ಒಣಗೆಕ್ಕು ಹೇಳಿ ನೀನೇ ಬರದ್ದಲ್ಲದೋ?” (ಒಣಗಬೇಕೆಂದು ನೀನೇ ಬರೆದದ್ದಲ್ಲವೇ?) ಎಂದರು.

ವಿಷಯವಾದರೋ ಅದಕ್ಕೆ ತದ್ವಿರುದ್ಧ. ತೇವ ಉಳಿದ ಗಾಯದ ಮೇಲೆ ಹೊಸ ಚರ್ಮ ಬೇಗ ಹರಡುತ್ತದೆಂದು ವಿಜ್ಞಾನಿ ಜಾರ್ಜ್ ವಿಂಟರ್ ಅವರು ಹಂದಿಗಳ ಮೇಲಿನ ಪ್ರಯೋಗದಿಂದ 1962ರಲ್ಲಿಯೇ ತೋರಿಸಿದ್ದರು. ಒಣಗಿ ಹಕ್ಕಳೆ ಕಟ್ಟಿದರೆ ಕೋಶಗಳು ಅದರಡಿಯಲ್ಲಿ ದಾರಿ ಮಾಡಿಕೊಂಡು ಸಾಗಬೇಕಾಗುತ್ತದೆ. ಹೀರಿ ತೆಗೆದ ಕೊಬ್ಬನ್ನು ತೊಳೆದು, ಕಿಣ್ವದಿಂದ ಬಿಡಿಸಿ, ಯಂತ್ರದಲ್ಲಿ ವೇಗವಾಗಿ ತಿರುಗಿಸಿದಾಗ ತಳದಲ್ಲಿ ನಿಲ್ಲುವ ಗಸಿಯಲ್ಲಿ ಸಿಗುವ ಈ ಆಕರಕೋಶಗಳು ತಾವೇ ಚರ್ಮವಾಗುವುದಕ್ಕಿಂತ ಹೆಚ್ಚಾಗಿ, ಸುತ್ತಲಿನ ಕೋಶಗಳಿಗೆ ಸೂಚನೆ ಕೊಡುವ ಪ್ರೋಟೀನುಗಳನ್ನು ಒಸರಿಸಿ, ಉರಿಯೂತವನ್ನು ತಗ್ಗಿಸಿ, ಹೊಸ ರಕ್ತನಾಳಗಳು ಚಿಗುರುವಂತೆಯೂ ಚರ್ಮಕ್ಕೆ ಬಲ ಕೊಡುವ ಕೊಲಾಜೆನ್ ಎಂಬ ಪ್ರೋಟೀನನ್ನು ಉಂಟುಮಾಡುವ ಕೋಶಗಳು ಚುರುಕಾಗುವಂತೆಯೂ ಮಾಡುತ್ತವೆಂದು ತಿಳಿಯಲಾಗಿದೆ. ಒಸರುವ, ಚಿಗುರುವ ಈ ಕ್ರಿಯೆಗೆ ‘ಒಣಗು’ ಎಂಬ ಹೆಸರು ಹೊಂದುವುದಿಲ್ಲ.

‘ಗಾಯ ಮಾಗಿತು’ ಎಂದು ಬರೆಯುವವರಿದ್ದಾರೆ. ಆದರೆ ಕುರು ಮಾಗಿತೆಂದರೆ ಕೀವು ತುಂಬಿ ಒಡೆಯಲು ಸಿದ್ಧವಾಯಿತೆಂದೇ ಅರ್ಥವಲ್ಲವೇ? ‘ಗುಣವಾಗು’ ಜ್ವರಕ್ಕೂ ಸಲ್ಲುವ ಮಾತು. ಅಂಚು ಅಂಚಿಗೆ ಕೂಡಿಕೊಳ್ಳುವ ಚಿತ್ರ ಅದರಲ್ಲಿ ಇಲ್ಲ. ಹೀಗೆ ನೋಡುತ್ತ ಹೋದರೆ ಉಳಿಯುವುದು ‘ಮಾಯು’. ‘ಮಾಯದ ಗಾಯ’ ಎಲ್ಲರ ಬಾಯಲ್ಲೂ ಇದೆ. ‘ಗಾಯ ಮಾಯಿತು’ ಎನ್ನುವವರು ಮಾತ್ರ ನಮ್ಮ ಕಡೆ ಅಪರೂಪ. ಇನ್ನೊಂದು ತೊಡಕೆಂದರೆ, ಮಲಯಾಳದಲ್ಲಿ ‘ಮಾಯುಕ’ ಎಂದರೆ ಅಳಿಸಿಹೋಗುವುದು, ಮರೆಯಾಗುವುದು. ಎರಡೂ ಭಾಷೆಗಳನ್ನು ಓದುವ ಇಲ್ಲಿನವರು ಕಲೆಯೂ ಉಳಿಯದೆ ಹೋಗುತ್ತದೆಂದು ತಿಳಿದುಕೊಂಡಾರು. ಆಕರಕೋಶ ಸಂಶೋಧನೆಯ ಕುರಿತ 2017ರ ರಾಷ್ಟ್ರೀಯ ಮಾರ್ಗಸೂಚಿಯಂತೆ ವೈದ್ಯಕೀಯ ಪ್ರಯೋಗದ ಹೊರಗೆ ನೀಡುವಂತಿಲ್ಲದ ಚಿಕಿತ್ಸೆಯ ಬಗ್ಗೆ ಅಷ್ಟು ದೊಡ್ಡ ಭರವಸೆ ಹುಟ್ಟಿಸುವುದು ನನಗೆ ಒಪ್ಪಿಗೆಯಿಲ್ಲ.

ಹಾಗಿದ್ದರೂ ‘ಮಾಯು’ವಿನ ಕಡೆಗೇ ನನ್ನ ಒಲವು. ಕೇಳಬೇಕಾದದ್ದು ಅದರ ಪ್ರೇರಣಾರ್ಥಕ ರೂಪದ ಬಗ್ಗೆ. ‘ಗಾಯವನ್ನು ಮಾಯಿಸುವ ಕೋಶಗಳು’ ಎಂದರೆ ನನ್ನ ಕಿವಿಗೆ ಮಾಯಾವಿದ್ಯೆಯಂತೆ ಕೇಳಿಸುತ್ತದೆ. ‘ಮಾಯುವಂತೆ ಮಾಡುವ’ ಎಂದರೆ ವಾಕ್ಯ ಎಳೆದಾಡುತ್ತದೆ. ಗಾಯದ ಮಟ್ಟಿಗೆ ‘ಮಾಯಿಸು’ ಎಂಬ ಬಳಕೆಯನ್ನು ಮನೆಮಾತಿನಲ್ಲಾಗಲಿ, ನಾಟಿ ವೈದ್ಯರ ಬಾಯಲ್ಲಾಗಲಿ ಕೇಳಿದವರು ಯಾವ ಊರಿನಲ್ಲಿ, ಯಾವ ಸಂದರ್ಭದಲ್ಲಿ ಕೇಳಿದ್ದೆಂದು ದಯವಿಟ್ಟು ತಿಳಿಸಬೇಕು.