ಒ.ಟಿ. (ಆಕ್ಯುಪೇಶನಲ್ ಥೆರಪಿ) ಅಂದ್ರೆ ಬರೀ ಆಟ ಆಡ್ಸೋದಾ? (ಮಗನ ತಲೆಗೆ ಪೆಟ್ಟು, 8 ವರ್ಷ)

ದಾವಣಗೆರೆ ಅಪ್ಪ:
ಎಲ್ರಿಗೂ ನಮಸ್ಕಾರ. ಕಳೆದ ಆಷಾಢದಲ್ಲಿ ಗಾಳಿಪಟ ಹಾರಿಸ್ತಾ ಮಗ ಮಾಳಿಗೆಯಿಂದ ಬಿದ್ದ, ತಲೆಯ ಎಡಭಾಗಕ್ಕೆ ಆಪರೇಷನ್ ಆಯ್ತು, ಈಗ ನಡೀತಾನೆ ಆದ್ರೆ ಬಲಗೈ ಮುಷ್ಟಿ ಬಿಚ್ಚೋದೇ ಕಷ್ಟ, ಬರೀತಿದ್ದಿದ್ದೂ ಅದೇ ಕೈಲಿ. ಫಿಸಿಯೋ ನಡೀತಿದೆ. ಜೊತೆಗೆ ಒ.ಟಿ.ಗೂ ಹೋಗಿ ಅಂದ್ರು, ಅಲ್ಲಿ ನೋಡಿದ್ರೆ ಮುಕ್ಕಾಲು ಗಂಟೆ ಮಣಿ ಪೋಣಿಸೋದು, ಬಟ್ಟೆ ಕ್ಲಿಪ್ ಸಿಗ್ಸೋದು, ಮೊನ್ನೆ ಚೆನ್ನಾಗಿರೋ ಕೈಗೆ ಗವುಸು ಹಾಕಿ ಕೂರ್ಸಿದ್ರು, ಅತ್ತೇಬಿಟ್ಟ. ಅವರಜ್ಜಿ "ಇದಕ್ಕೂ ದುಡ್ಡು ಕೊಡ್ಬೇಕಾ" ಅಂತಾರೆ. ನಿಲ್ಸಿಬಿಡ್ಲಾ?

ಕೈಕೆಲ್ಸ:
ಸರ್, ನಾನೂ ಒ.ಟಿ. ಥೆರಪಿಸ್ಟೇ, ನಿಲ್ಲಿಸ್ಬೇಡಿ. ಕೈ ಸಡಿಲ ಆಗೋದು, ಬಲ ಬರೋದು ಫಿಸಿಯೋ ಅಂದ್ಕೊಂಡ್ರೆ, ಆ ಕೈಲಿ ಗುಂಡಿ ಹಾಕೋದು, ತುತ್ತು ಎತ್ತೋದು, ಚಡ್ಡಿ ಏರಿಸೋದು ನಮ್ ಪಾಲು. ಗವುಸು ಶಿಕ್ಷೆ ಅಲ್ಲ. ಎಡಗೈ ಎಲ್ಲಾ ಮಾಡ್ಕೊಟ್ರೆ ಬಲಗೈ ಮೂಲೆ ಸೇರುತ್ತೆ, ಅದಕ್ಕೇ ಎಡಗೈನ ಸ್ವಲ್ಪ ಹೊತ್ತು ಸುಮ್ನಿರ್ಸೋದು. ಅಳೋ ಮಟ್ಟಕ್ಕೆ ಮಾತ್ರ ಹೋಗ್ಬಾರ್ದು, ಥೆರಪಿಸ್ಟ್‌ಗೆ ಹೇಳಿ ಹೊತ್ತು ಕಮ್ಮಿ ಮಾಡ್ಸಿ. ಗವುಸು ಹಾಕಿ ಓಡಾಡಕ್ಕೆ ಬಿಡ್ಬೇಡಿ, ಬಿದ್ರೆ ಊರ್ಕೊಳ್ಳಕ್ಕೆ ಕೈ ಬೇಕಲ್ಲ. ಅಂಗಿ ಹಾಕುವಾಗ ಬಲಗೈ ಮೊದ್ಲು, ಬಿಚ್ಚುವಾಗ ಎಡಗೈ ಮೊದ್ಲು. ಆ ಬಲಗೈ ಹಿಡಿದೆಳೆದು ಎಬ್ಬಿಸ್ಲೇಬೇಡಿ, ಭುಜದ ಕೀಲು ಜಾರಬಹುದು. ಬೆಂಗಳೂರಿಗೆ ಬರೋದಾದ್ರೆ ನಿಮ್ಹಾನ್ಸ್‌ನಲ್ಲಿ ಇಂಥವರ ಪುನಶ್ಚೇತನಕ್ಕೇ ಬೇರೆ ವಿಭಾಗ ಇದೆ, ಒಂದ್ಸಲ ತೋರ್ಸಿ.

ಪುಟ್ಟಿ ಅಮ್ಮ, ಹಾಸನ:
ನನ್ ತಪ್ಪು ಹೇಳ್ತೀನಿ. ಥೆರಪಿಲಿ ಮಗಳು ಚಮಚ ಹಿಡೀತಿದ್ಲು, ಮನೆಗ್ ಬಂದ್ರೆ ಪಾಪ ಅಂತ ನಾನೇ ತಿನ್ನಿಸ್ತಿದ್ದೆ, ಆರು ತಿಂಗ್ಳು ಹಂಗೇ ಹೋಯ್ತು. ಆಮೇಲೆ ಚಪಾತಿ ಹಿಟ್ಟು ಉಂಡೆ ಮಾಡ್ಸೋದು, ಅಳಗುಳಿಮಣೆ ಆಡ್ಸೋದು ಶುರು ಮಾಡ್ದೆ, ಅರ್ಧ ಗಂಟೆ ಹಿಡಿದ್ರೂ ನಾನು ಕೈ ಹಾಕ್ತಿರ್ಲಿಲ್ಲ. ಇನ್ನೊಂದು, ಸ್ಕೂಲಿಗೆ ಕಳ್ಸುವಾಗ ಹುಷಾರು, ಕೈಗಿಂತ ಸುಸ್ತು ಮರೆವೇ ಜಾಸ್ತಿ ಕಾಡುತ್ತೆ, ಮೂರನೇ ಪೀರಿಯಡ್‌ಗೇ ತೂಕಡಿಸ್ತಿದ್ಲು, ಟೀಚರ್ ಸೋಮಾರಿ ಅಂದ್ಬಿಟ್ರು. ಅರ್ಧ ದಿನ ಕಳ್ಸೋಕ್ ಶುರು ಮಾಡಿದ್ಮೇಲೆ ಸರಿಹೋಯ್ತು.

ಹುಬ್ಬಳ್ಳಿ ಕಾಕಾ:
ನಮ್ ತಮ್ಮನ ಮಗಳಿಗೆ ಬೆನ್ನುಹುರಿಗೇ ಪೆಟ್ಟಾಗೇದ್ರಿ, ವ್ಹೀಲ್‌ಚೇರ್. ಆಕಿಗೆ ಒ.ಟಿ.ಯವ್ರು ಮೊದ್ಲ ಕಲಿಸಿದ್ದು ಮಂಚದಿಂದ ಕುರ್ಚಿಗೆ ದಾಟೂದು, ಮ್ಯಾಲೆ ಹದಿನೈದು ನಿಮಿಷಕ್ಕೊಮ್ಮೆ ಕೈ ಊರಿ ಕುಂಡಿ ಎತ್ತೂದು. ಸ್ಪರ್ಶ ಗೊತ್ತಾಗೂದಿಲ್ಲಲ್ರಿ, ಕುಂತು ಕುಂತು ಹುಣ್ಣಾದ್ರೂ ತಿಳಿಯಂಗಿಲ್ಲ. ಅಜ್ಜಿಗೆ ಬೈಬ್ಯಾಡ್ರಿ, ಒಮ್ಮೆ ಕರಕೊಂಡು ಹೋಗಿ ಅಲ್ಲೇ ಕೂಡಿಸ್ರಿ.

ದಾವಣಗೆರೆ ಅಪ್ಪ:
ಎಲ್ರಿಗೂ ಥ್ಯಾಂಕ್ಸ್. ನಿಲ್ಸಿಲ್ಲ, ಗವುಸು ಈಗ ಹತ್ತೇ ನಿಮಿಷ. ಕಾಕಾ ಹೇಳ್ದಂಗೆ ಅಜ್ಜಿನೂ ಬಂದ್ರು, ಏನೂ ಮಾತಾಡ್ಲಿಲ್ಲ, ಮನೆಗ್ ಬಂದು ಅಟ್ಟದಿಂದ ಅಳಗುಳಿಮಣೆ ಇಳಿಸು ಅಂದ್ರು. ಹುಣಸೆಬೀಜ ಹಿಡಿಯಕ್ಕೆ ಆಗ್ತಿಲ್ಲ, ಗೋಲಿ ಹಾಕಿ ಆಡ್ತಿದಾರೆ. ಮೊದಲ್ನೇ ಆಟಕ್ಕೇ ಎಡಗೈಲಿ ಕದ್ದು ಆಡ್ತಾನೆ ಅಂತ ಇಬ್ರಿಗೂ ಜಗಳ.